ಯಾವುದರ ಅವ್ಯವಸ್ಥೆ?

ಜಗತ್ತಿನಲ್ಲಿ ಇಷ್ಟೊಂದು ವ್ಯವಸ್ಥೆ ಇದೆ, ಆದ್ದರಿಂದ ಇದನ್ನು ಮಾಡಿದವನೊಬ್ಬ ಇರಲೇಬೇಕು ಎನ್ನುತ್ತಾರೆ ಆಸ್ತಿಕರು. ಇಷ್ಟೊಂದು ಅವ್ಯವಸ್ಥೆ ಇದೆ, ಆದ್ದರಿಂದ ಯಾರೂ ಇರಲಾರರು ಎನ್ನುತ್ತಾರೆ ನಾಸ್ತಿಕರು. ಈ ವಾದ ಎಷ್ಟು ಹಳೆಯದೆಂದರೆ, ಎರಡೂ ಪಕ್ಷದವರು ಕೇಳದೆಯೇ ಒಪ್ಪಿಕೊಂಡುಬಿಟ್ಟಿರುವ ಒಂದು ಮಾತು ಈಗ ಯಾರ ಕಣ್ಣಿಗೂ ಬೀಳುವುದಿಲ್ಲ. ವ್ಯವಸ್ಥೆ ಎಂಬುದು ಇರುವಂಥದ್ದು, ಅವ್ಯವಸ್ಥೆ ಎಂದರೆ ಅದು ಇಲ್ಲದಿರುವುದು. ವ್ಯವಸ್ಥೆ ಫಲ ಕೊಡುತ್ತದೆ, ಅವ್ಯವಸ್ಥೆ ಫಲವನ್ನು ಕೆಡಿಸುತ್ತದೆ. ಇದೇ ಆ ಮಾತು. ಜಗಳವೆಲ್ಲ ಇದರ ಮೇಲೆ ನಿಂತಿದೆ, ಆದರೆ ಇದನ್ನು ಯಾರೂ ಮುಟ್ಟಿ ನೋಡುವುದಿಲ್ಲ. ನಾನು ಮುಟ್ಟಿ ನೋಡಬೇಕೆಂದಿರುವುದು ಇದನ್ನೇ. ಈ ಕೆಲಸಕ್ಕೆ ಗ್ರಂಥಗಳಷ್ಟೇ ಸಾಲವು, ಕೈಯಲ್ಲಿ ಹಿಡಿಯಬಹುದಾದ ಸಾಕ್ಷಿಯೊಂದು ಬೇಕು. ಸ್ಟ್ರಾನ್ಷಿಯಂ ಬೇರಿಯಂ ನಯೋಬೇಟ್ ಎಂಬ ಹರಳು ಅಂಥ ಸಾಕ್ಷಿ ಎಂದು ನನಗೆ ತೋರುತ್ತದೆ.

ಸಾಕ್ಷಿಯನ್ನು ಕರೆಯುವ ಮೊದಲು ಮಾತನ್ನು ಸ್ವಲ್ಪ ಬಿಗಿ ಮಾಡಿಕೊಳ್ಳಬೇಕು. ವೈಶೇಷಿಕ ಪರಂಪರೆ ಅಭಾವವನ್ನು ಏಳನೆಯ ಪದಾರ್ಥವೆಂದು ಎಣಿಸಿತು; ನೈಯಾಯಿಕರು ಆ ವಿಚಾರವನ್ನು ನೂರಾರು ವರ್ಷ ತಿಕ್ಕಿ ತೀಡಿದರು. ಅವರ ಪಟ್ಟು ಒಂದೇ: ‘ಇಲ್ಲ’ ಎಂದವನು ಏನು ಇಲ್ಲ, ಎಲ್ಲಿ ಇಲ್ಲ ಎಂಬುದನ್ನು ಹೇಳಲೇಬೇಕು. ನೆಲದ ಮೇಲೆ ಗಡಿಗೆ ಇಲ್ಲ ಎಂದರೆ ಗಡಿಗೆಯೇ ಆ ಅಭಾವದ ಪ್ರತಿಯೋಗಿ. ಪ್ರತಿಯೋಗಿಯ ಹೆಸರಿಲ್ಲದ ಅಭಾವಕ್ಕೆ ಅರ್ಥವೇ ಹುಟ್ಟುವುದಿಲ್ಲ. ಗಡಿಗೆ ಇಲ್ಲದ ಆ ನೆಲದ ಮೇಲೆಯೇ ಚಾಪೆ ಹಾಸಿರಬಹುದು, ಭತ್ತ ಒಣಗುತ್ತಿರಬಹುದು. ಗಡಿಗೆಯ ಅಭಾವ ಅವುಗಳ ಬಗ್ಗೆ ಏನನ್ನೂ ಹೇಳುವುದಿಲ್ಲ. ‘ಅವ್ಯವಸ್ಥೆ’ ಎಂಬ ಪದದ ಮೊದಲಿಗೆ ನಿಂತಿರುವ ‘ಅ’ ಕೂಡ ಒಂದು ಅಭಾವವನ್ನೇ ಹೇಳುತ್ತದೆ. ಆದರೆ ಅದನ್ನು ಬಳಸುವಾಗ ನಾವು ಪ್ರತಿಯೋಗಿಯನ್ನು ಕೇಳುವ ಗೋಜಿಗೇ ಹೋಗುವುದಿಲ್ಲ. ಯಾವ ವ್ಯವಸ್ಥೆಯ ಅಭಾವ? ಎಷ್ಟರ ಮಟ್ಟಿಗೆ? ಯಾವ ಕೆಲಸದ ದೃಷ್ಟಿಯಿಂದ? ಈ ಪ್ರಶ್ನೆಗಳನ್ನು ಬಿಟ್ಟಾಗಲೇ ಆ ಪದ ಒಂದು ಮೊತ್ತದ ತೀರ್ಪಾಗಿ ಊದಿಕೊಂಡು, ಇಡೀ ಜಗತ್ತಿನ ಮೇಲೆ ಹೊರಿಸುವ ಆರೋಪವಾಗುತ್ತದೆ.

ಈಗ ಹರಳು. ಸಾಮಾನ್ಯ ಬೆಳಕು ಗಾಜಿನೊಳಗೆ ಹೊಕ್ಕ ಬಣ್ಣದಲ್ಲೇ ಹೊರಬರುತ್ತದೆ. ಗಾಜು ಅದನ್ನು ಬಾಗಿಸಬಲ್ಲದು, ಹೀರಬಲ್ಲದು, ಆದರೆ ಕೆಂಪನ್ನು ನೀಲಿ ಮಾಡಲಾರದು. 1960ರಲ್ಲಿ ಲೇಸರ್ ಬಂದ ಮೇಲೆ ಈ ಮಾತು ಮುರಿಯಿತು. 1961ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದ ಪೀಟರ್ ಫ್ರಾಂಕೆನ್ ಮತ್ತು ಅವರ ಜೊತೆಗಾರರು ಮಾಣಿಕ್ಯದ ಲೇಸರಿನ 694.3 ನ್ಯಾನೊಮೀಟರ್ ಕೆಂಪು ಬೆಳಕನ್ನು ಕ್ವಾರ್ಟ್ಸ್ ಹರಳಿನೊಳಕ್ಕೆ ಹಾಯಿಸಿದಾಗ, ಅದರ ಜೊತೆಗೆ 347.2 ನ್ಯಾನೊಮೀಟರಿನ ಅತಿನೇರಳೆ ಬೆಳಕು ತೀರಾ ಕ್ಷೀಣವಾಗಿ ಹೊರಬಂತು. ತರಂಗಾಂತರ ಸರಿಯಾಗಿ ಅರ್ಧ, ಆವೃತ್ತಿ ಸರಿಯಾಗಿ ಎರಡರಷ್ಟು. ಫೋಟೊ ಫಲಕದ ಮೇಲೆ ಅದೊಂದು ಸಣ್ಣ ಮಚ್ಚೆಯಾಗಿ ಮೂಡಿತ್ತು. ಆದರೆ ಫಿಸಿಕಲ್ ರಿವ್ಯೂ ಲೆಟರ್ಸ್ ಪತ್ರಿಕೆಯಲ್ಲಿ ಅಚ್ಚಾದ ಚಿತ್ರದಲ್ಲಿ ಬಾಣದ ಗುರುತು ಇದೆ, ಅದು ತೋರಿಸಬೇಕಾದ ಮಚ್ಚೆ ಇಲ್ಲ. ಕೊಳೆಯೆಂದು ಬಗೆದು ಯಾರೋ ಅದನ್ನು ಅಳಿಸಿದರೆಂದು ಈ ಕ್ಷೇತ್ರದವರು ಇಂದಿಗೂ ಹೇಳಿಕೊಳ್ಳುತ್ತಾರೆ. ಕಲೆಯೆಂದು ಅಳಿಸಿದ್ದೇ ಸಾಕ್ಷಿಯಾಗಿತ್ತು. ನನ್ನ ವಾದದ ಬೀಜ ಇಲ್ಲಿಯೇ ಇದೆಯಾದರೂ ಒಂದು ಚಿತ್ರದ ಕಥೆಯ ಮೇಲೆ ಅದನ್ನು ನಿಲ್ಲಿಸಲಾಗದು.

ಬೆಳಕಿನ ಆವೃತ್ತಿ ಇಮ್ಮಡಿಯಾಗುವುದಕ್ಕೆ ಕಾರಣ ಹರಳಿನ ಓರೆ. ಪ್ರಬಲ ಬೆಳಕಿನ ವಿದ್ಯುತ್ ಕ್ಷೇತ್ರ ಎಲೆಕ್ಟ್ರಾನುಗಳನ್ನು ಆ ಕಡೆ ಈ ಕಡೆ ತೂಗುತ್ತದೆ. ಎರಡೂ ಕಡೆಗೆ ಸಮನಾಗಿ ಬಗ್ಗುವ ಹರಳಿನಲ್ಲಿ ಇಮ್ಮಡಿ ಆವೃತ್ತಿ ಹುಟ್ಟುವುದಿಲ್ಲ. ಒಂದು ಕಡೆಗೆ ಹೆಚ್ಚು, ಇನ್ನೊಂದು ಕಡೆಗೆ ಕಡಿಮೆ ಬಗ್ಗುವ ಹರಳಿನಲ್ಲಿ ಹುಟ್ಟುತ್ತದೆ. ಫೆರೋಎಲೆಕ್ಟ್ರಿಕ್ ಹರಳುಗಳಲ್ಲಿ ಇಂಥ ಓರೆ ಹುಟ್ಟುಗುಣ: ಧನ ಮತ್ತು ಋಣ ಆವೇಶಗಳು ತುಸು ಸರಿದು, ಹರಳಿಗೆ ತಾನಾಗಿಯೇ ‘ಮೇಲೆ’ ಮತ್ತು ‘ಕೆಳಗೆ’ ಎಂಬ ಎರಡು ತುದಿಗಳಿರುತ್ತವೆ. 1920ರಲ್ಲಿ ಜೋಸೆಫ್ ವಾಲಾಸೆಕ್ ರೋಷೆಲ್ ಉಪ್ಪಿನಲ್ಲಿ ಇದನ್ನು ಮೊದಲು ಕಂಡರು. ಆದರೆ ಓರೆ ಇದ್ದರಷ್ಟೇ ಸಾಲದು. ಹೊಕ್ಕ ಬೆಳಕೂ ಹುಟ್ಟಿದ ಬೆಳಕೂ ಹರಳಿನೊಳಗೆ ಒಂದೇ ವೇಗದಲ್ಲಿ ಸಾಗುವುದಿಲ್ಲ, ಹೊಸ ಬೆಳಕು ಹಿಂದೆ ಬೀಳುತ್ತದೆ. ಕೆಲವೇ ಮೈಕ್ರೋಮೀಟರ್ ಸಾಗುವಷ್ಟರಲ್ಲಿ ಇಬ್ಬರ ತಾಳ ತಪ್ಪುತ್ತದೆ. ಆಮೇಲೆ ಹುಟ್ಟುವ ಬೆಳಕು ಮೊದಲು ಹುಟ್ಟಿದ್ದನ್ನು ಅಳಿಸತೊಡಗುತ್ತದೆ. ಹರಳಿನ ಒಂದೊಂದು ಚೂರೂ ಸೇರಿಸುವ ಬೆಳಕನ್ನು ಕಾಗದದ ಮೇಲೆ ಒಂದೊಂದು ಪುಟ್ಟ ಹೆಜ್ಜೆಯಾಗಿ ಗುರುತಿಸಿದರೆ, ಪ್ರತಿ ಹೆಜ್ಜೆಯೂ ಹಿಂದಿನದಕ್ಕಿಂತ ಅಷ್ಟೇ ಕೋನ ತಿರುಗಿ, ದಾರಿ ವೃತ್ತವಾಗಿ, ಹೊರಟಲ್ಲಿಗೇ ಬಂದು ಮುಟ್ಟುತ್ತದೆ. ಗಾಣದೆತ್ತು ನಡೆಯುವ ದಾರಿ ಇದು. ಹರಳನ್ನು ಎಷ್ಟು ಉದ್ದ ಮಾಡಿದರೂ ಸುತ್ತುಗಳು ಹೆಚ್ಚುತ್ತವೆಯೇ ಹೊರತು ದೂರ ಹೆಚ್ಚುವುದಿಲ್ಲ. ಈ ಸೋಲಿಗೆ ಹರಳಿನ ದೋಷವೊಂದೂ ಕಾರಣವಲ್ಲ ಎಂಬುದನ್ನು ಗಮನಿಸಬೇಕು. ಈ ಹರಳು ನಿರ್ದೋಷ. ತುದಿಯಿಂದ ತುದಿಗೆ ಒಂದೇ ದಿಕ್ಕು, ಒಂದೇ ಗುಣ, ಎಲ್ಲೂ ಬಿರುಕಿಲ್ಲ. ಅದು ಸೋಲುವುದು ಆ ಏಕರೂಪತೆಯಿಂದಲೇ.

ಇದಕ್ಕೆ ಪರಿಹಾರವನ್ನು 1962ರಲ್ಲೇ ನಿಕೋಲಾಸ್ ಬ್ಲೂಂಬರ್ಗನ್ ಮತ್ತು ಅವರ ಸಹೋದ್ಯೋಗಿಗಳು ಕಾಗದದ ಮೇಲೆ ತೋರಿಸಿದ್ದರು: ತಾಳ ತಪ್ಪುವ ಜಾಗಕ್ಕೆ ಸರಿಯಾಗಿ ಹರಳಿನ ದಿಕ್ಕನ್ನು ತಲೆಕೆಳಗು ಮಾಡಿ. ಆಗ ಹಿಂದಿರುಗಬೇಕಾಗಿದ್ದ ಹೆಜ್ಜೆ ಮುಂದಕ್ಕೆ ಬೀಳುತ್ತದೆ. ಲಿಥಿಯಂ ನಯೋಬೇಟ್ ಹರಳಿನಲ್ಲಿ 1064 ನ್ಯಾನೊಮೀಟರಿನ ಅವಗೆಂಪು ಬೆಳಕನ್ನು 532 ನ್ಯಾನೊಮೀಟರಿನ ಹಸಿರಾಗಿಸಬೇಕಾದರೆ ಈ ಮೇಲೆ-ಕೆಳಗಿನ ಪಟ್ಟೆಗಳು ಸುಮಾರು 7 ಮೈಕ್ರೋಮೀಟರಿಗೊಮ್ಮೆ ಮರುಕಳಿಸಬೇಕು. ತಲೆಗೂದಲೊಂದರ ದಪ್ಪದಲ್ಲಿ ಹತ್ತು ಸಲ. ಅದನ್ನು ವಿದ್ಯುತ್ ಕ್ಷೇತ್ರ ಹಾಯಿಸಿ ಬರೆಯುವ ಕೈಚಳಕ ಮನುಷ್ಯರಿಗೆ ಒಲಿಯಲು ಮೂವತ್ತು ವರ್ಷ ಹಿಡಿಯಿತು. ಇದು ವ್ಯವಸ್ಥೆಯ ಗೆಲುವೇ ಸರಿ, ಅದನ್ನು ಕಿರಿದು ಮಾಡುವ ಇರಾದೆ ನನಗಿಲ್ಲ. ಆದರೆ ಅದು ಒಂದೇ ಬಣ್ಣಕ್ಕೆ ಹೊಲಿದ ಅಂಗಿ. ಬಣ್ಣ ತುಸು ಬದಲಾದರೆ, ಹರಳು ತುಸು ಬಿಸಿಯಾದರೆ ಪಟ್ಟೆಗಳು ಹೊಂದುವುದಿಲ್ಲ, ಬೆಳಕು ಆರಿಹೋಗುತ್ತದೆ.

ಸ್ಟ್ರಾನ್ಷಿಯಂ ಬೇರಿಯಂ ನಯೋಬೇಟಿನಲ್ಲಿ ಯಾರೂ ಪಟ್ಟೆ ಬರೆದಿರುವುದಿಲ್ಲ. ಸುಮಾರು 1500 ಡಿಗ್ರಿಯ ಕರಗಿದ ದ್ರವದಿಂದ ಅದನ್ನು ನಿಧಾನವಾಗಿ ಮೇಲಕ್ಕೆಳೆದು ಬೆಳೆಸುತ್ತಾರೆ. ಅದರ ಜಾಲರಿಯಲ್ಲಿ ಸ್ಟ್ರಾನ್ಷಿಯಂ, ಬೇರಿಯಂ ಪರಮಾಣುಗಳಿಗೆಂದು ಇರುವ ಪ್ರತಿ ಆರು ಮನೆಗಳಲ್ಲಿ ಐದು ಮಾತ್ರ ತುಂಬಿರುತ್ತವೆ; ಯಾವುದು ಖಾಲಿ, ಯಾವುದರಲ್ಲಿ ಯಾರು ಎಂಬುದಕ್ಕೆ ಗೊತ್ತಾದ ಪಟ್ಟಿ ಇಲ್ಲ. ಹರಳು ತಣಿಯುತ್ತಾ ಸುಮಾರು 80 ಡಿಗ್ರಿಯ ಆಸುಪಾಸಿಗೆ ಬಂದಾಗ ಒಳಗಿನ ಒಂದೊಂದು ಎಡೆಯೂ ಮೇಲೋ ಕೆಳಗೋ ಎಂದು ಒಂದು ದಿಕ್ಕನ್ನು ಹಿಡಿಯುತ್ತದೆ. ಹೀಗೆ ಹುಟ್ಟುವ ಒಂದೇ ದಿಕ್ಕಿನ ತುಣುಕುಗಳು, ಅಂದರೆ ಡೊಮೇನುಗಳು, ಸೂಜಿಗಳ ಹಾಗೆ ಹರಳಿನ ಮೇಲೆ-ಕೆಳಗಿನ ಅಕ್ಷದುದ್ದಕ್ಕೂ ಉದ್ದ, ಅಡ್ಡಡ್ಡಲಾಗಿ ಬಲು ಸಣ್ಣ. ಒಂದರ ದಪ್ಪ ಇನ್ನೊಂದರದಲ್ಲ, ಒಂದರ ಪಕ್ಕ ಇನ್ನೊಂದು ಬರುವುದಕ್ಕೆ ಲೆಕ್ಕವಿಲ್ಲ. ಹೊರಗಿನಿಂದ ನೋಡಿದರೆ ಇದೊಂದೂ ಕಾಣುವುದಿಲ್ಲ. ಮೇಲ್ಮುಖದ ಸೂಜಿಗೂ ಕೆಳಮುಖದ ಸೂಜಿಗೂ ಬೆಳಕನ್ನು ಬಾಗಿಸುವ ಗುಣ ಒಂದೇ ಆದ್ದರಿಂದ ಹರಳು ತಿಳಿನೀರಿನಷ್ಟೇ ಪಾರದರ್ಶಕ. ಅದರೊಳಗೆ ಅಕ್ಷಕ್ಕೆ ಅಡ್ಡಲಾಗಿ ಕಣ್ಣಿಗೆ ಕಾಣದ ಅವಗೆಂಪು ಲೇಸರನ್ನು ಹಾಯಿಸಿ. ಹರಳಿನ ನಡುವೆ ಒಂದು ಹಸಿರು ಗೆರೆ ಹೊತ್ತಿಕೊಳ್ಳುತ್ತದೆ. ಮುಂದಕ್ಕಷ್ಟೇ ಅಲ್ಲ, ಎಡಕ್ಕೂ ಬಲಕ್ಕೂ, ಅಕ್ಷಕ್ಕೆ ಲಂಬವಾದ ಸಮತಲದ ಉದ್ದಗಲಕ್ಕೂ ಹಸಿರು ಚೆಲ್ಲುತ್ತದೆ. ಅಕ್ಷದುದ್ದಕ್ಕೂ ಹಾಯಿಸಿದರೆ ಎದುರಿನ ಪರದೆಯ ಮೇಲೆ ಬಳೆಯಂಥ ಉಂಗುರ ಮೂಡುತ್ತದೆ. ಲೇಸರಿನ ತರಂಗಾಂತರವನ್ನು 1200ರಿಂದ 900 ನ್ಯಾನೊಮೀಟರಿಗೆ ಇಳಿಸುತ್ತಾ ಹೋದರೆ ಹೊರಬರುವ ಬೆಳಕು 600ರ ಕಿತ್ತಳೆಯಿಂದ 450ರ ನೀಲಿಯವರೆಗೆ ಬಣ್ಣ ಬದಲಿಸುತ್ತದೆ. ಹರಳನ್ನು ತಿರುಗಿಸಬೇಕಾಗಿಲ್ಲ, ಬಿಸಿ ಮಾಡಬೇಕಾಗಿಲ್ಲ.

ಇದು ಹೇಗೆ ಸಾಧ್ಯ ಎಂಬುದಕ್ಕೆ ಉತ್ತರ ಲೇಸರಿಗಿಂತ ಹಳೆಯದು. 1905ರಲ್ಲಿ ಕಾರ್ಲ್ ಪಿಯರ್ಸನ್ ನೇಚರ್ ಪತ್ರಿಕೆಯಲ್ಲಿ ಒಂದು ಪ್ರಶ್ನೆ ಕೇಳಿದರು: ಒಬ್ಬ ಒಂದಷ್ಟು ದೂರ ನೆಟ್ಟಗೆ ನಡೆದು, ಮನಸ್ಸಿಗೆ ಬಂದ ಕಡೆ ತಿರುಗಿ, ಮತ್ತೆ ಅಷ್ಟೇ ದೂರ ನಡೆಯುತ್ತಾ ಹೋದರೆ ಕೊನೆಗೆ ಎಲ್ಲಿರುತ್ತಾನೆ? ಉತ್ತರ ಕೊಟ್ಟ ಲಾರ್ಡ್ ರ‍್ಯಾಲೆ, ಹೊಂದಿಕೆಯಿಲ್ಲದ ಅನೇಕ ಅಲೆಗಳು ಕೂಡಿದಾಗ ಏನಾಗುತ್ತದೆಂಬ ಲೆಕ್ಕವನ್ನು ಅದಾಗಲೇ ಮಾಡಿ ಮುಗಿಸಿದ್ದರು. 10,000 ಹೆಜ್ಜೆ ನಡೆದವನು ಸುಮಾರು 100 ಹೆಜ್ಜೆಯಷ್ಟು ದೂರ ಹೋಗಿರುತ್ತಾನೆ. ಲೆಕ್ಕವಿಲ್ಲದೆ ನಿಂತ ಸೂಜಿಗಳ ನಡುವೆ ಬೆಳಕಿನ ಹೆಜ್ಜೆಗಳೂ ಹೀಗೆಯೇ ಬೀಳುತ್ತವೆ. ಬೆಳಕಿನ ತೀವ್ರತೆ ಈ ದೂರದ ವರ್ಗ, ಅಂದರೆ ಹೆಜ್ಜೆಗಳ ಸಂಖ್ಯೆಗೆ ಸರಿಸಮ. ಹರಳು ಇಮ್ಮಡಿ ಉದ್ದವಾದರೆ ಬೆಳಕೂ ಇಮ್ಮಡಿ. 2004ರಲ್ಲಿ ಫ್ರಾನ್ಸಿನ ಸಂಶೋಧಕರು ಜಿಂಕ್ ಸೆಲೆನೈಡಿನ ಅಸ್ತವ್ಯಸ್ತ ಕಣಗಳ ತುಂಡಿನಲ್ಲಿ ಈ ನೇರ ಬೆಳವಣಿಗೆಯನ್ನೇ ಅಳೆದು ತೋರಿಸಿದರು. ಫೆರೋಎಲೆಕ್ಟ್ರಿಕ್ ಅಲ್ಲದ ವಸ್ತುವಿನಲ್ಲೂ ನಿಯಮ ಅದೇ. ವೃತ್ತದಲ್ಲಿ ನಡೆಯುವವನು ಎಂದೂ ದೂರ ಹೋಗುವುದಿಲ್ಲ, ಗೊತ್ತುಗುರಿಯಿಲ್ಲದೆ ನಡೆಯುವವನು ನಿಧಾನವಾಗಿಯಾದರೂ ಹೋಗುತ್ತಾನೆ.

ಈಗ ಆ ‘ಅ’ಕಾರಕ್ಕೆ ಪ್ರತಿಯೋಗಿಯನ್ನು ಕೇಳೋಣ. ಈ ಹರಳಿನಲ್ಲಿ ಏನು ಇಲ್ಲ? ಡೊಮೇನುಗಳ ಆವರ್ತನೆ ಇಲ್ಲ. ಅಷ್ಟೇ. ಜಾಲರಿ ಇದೆ, ಎಲ್ಲ ಸೂಜಿಗಳಿಗೂ ಒಂದೇ ಅಕ್ಷ ಇದೆ, ವಕ್ರೀಭವನದ ಏಕರೂಪತೆ ಇದೆ, ಆವೃತ್ತಿ ಸರಿಯಾಗಿ ಎರಡರಷ್ಟೇ ಆಗಬೇಕೆಂಬ ನಿಯಮ ಕೂದಲೆಳೆಯಷ್ಟೂ ಸಡಿಲವಾಗಿಲ್ಲ. ಇಷ್ಟು ಸಾಲದೆಂಬಂತೆ, ಇಲ್ಲದಿರುವುದೂ ಬರಿದಾದ ಇಲ್ಲದಿರುವಿಕೆಯಾಗಿ ಉಳಿದಿಲ್ಲ. ಆವರ್ತನೆಯಿದ್ದ ಹರಳು ತನ್ನ ಒಂದೇ ಅಂತರಕ್ಕೆ ಹೊಂದುವ ಬಣ್ಣವನ್ನು ಮಾತ್ರ ಕೈಹಿಡಿಯುತ್ತದೆ. ಆವರ್ತನೆಯಿಲ್ಲದ ಹರಳಿನಲ್ಲಿ ಬಗೆಬಗೆಯ ಅಂತರಗಳು ಒಟ್ಟಿಗೇ ಇರುವುದರಿಂದ, ಬಂದ ಬಣ್ಣಕ್ಕೆ ಬೇಕಾದ ಅಂತರ ಎಲ್ಲೋ ಒಂದು ಕಡೆ ಸಿದ್ಧವಾಗಿರುತ್ತದೆ. ಕ್ಯಾನ್‌ಬೆರಾದ ಆಸ್ಟ್ರೇಲಿಯನ್ ನ್ಯಾಷನಲ್ ಯೂನಿವರ್ಸಿಟಿಯ ಸಂಶೋಧಕರು ಇದನ್ನು ಉಪಕರಣವಾಗಿಯೇ ಬಳಸಿದ್ದಾರೆ: ಎರಡು ಅತಿ ಕಿರಿದಾದ ಬೆಳಕಿನ ಮಿಡಿತಗಳನ್ನು ಇಂಥ ಹರಳಿನೊಳಗೆ ಎದುರುಬದುರಾಗಿ ಕಳಿಸಿದರೆ, ಅವು ಒಂದರ ಮೇಲೊಂದು ಹಾಯುವ ಜಾಗ ಹೆಚ್ಚು ಬೆಳಗುತ್ತದೆ, ಆ ಬೆಳಗಿದ ಗೆರೆಯ ಉದ್ದವನ್ನು ಪಕ್ಕದಿಂದ ಅಳೆದರೆ ಮಿಡಿತದ ಅವಧಿ ತಿಳಿಯುತ್ತದೆ. 100 ಫೆಮ್ಟೊಸೆಕೆಂಡಿನ ಮಿಡಿತ ಖಾಲಿ ಜಾಗದಲ್ಲಿ 30 ಮೈಕ್ರೋಮೀಟರ್ ಉದ್ದ ಮಾತ್ರ. ಅದನ್ನು ಕಣ್ಣಿಗೆ ಕಾಣುವಂತೆ ಮಾಡಿದ್ದು ನಾವು ‘ಅವ್ಯವಸ್ಥೆ’ ಎಂದು ಕರೆದದ್ದೇ.

ಇದಕ್ಕೆ ಬರುವ ಮೊದಲ ಆಕ್ಷೇಪ ಬಲವಾದದ್ದು. ಸರಿಯಾಗಿ ಪಟ್ಟೆ ಬರೆದ ಹರಳಿನಲ್ಲಿ 10,000 ಹೆಜ್ಜೆಗಳೂ ಒಂದೇ ಕಡೆಗೆ ಬೀಳುತ್ತವೆ. ತೀವ್ರತೆ 10 ಕೋಟಿಯಾಗುತ್ತದೆ. ಅವ್ಯವಸ್ಥೆ ಕೊಡುವುದು ಬರೀ 10,000. ಹಾಗಾದರೆ ವ್ಯವಸ್ಥೆಯೇ ಮೇಲಲ್ಲವೇ? ಒಂದು ಗೊತ್ತಾದ ಬಣ್ಣಕ್ಕೆ, ಒಂದು ಗೊತ್ತಾದ ದಿಕ್ಕಿಗೆ ಮೇಲು, ನಿಸ್ಸಂಶಯವಾಗಿ ಮೇಲು. ಆದರೆ ಈ ಉತ್ತರದಲ್ಲೇ ‘ಗೊತ್ತಾದ’ ಎಂಬ ಮಾತು ಎರಡು ಸಲ ಬಂದಿದೆ. ಮೇಲು-ಕೀಳು ಎಂಬುದು ಕೆಲಸವನ್ನು ಹೆಸರಿಸಿದ ಮೇಲೆಯೇ ಹುಟ್ಟುತ್ತದೆ, ನಾನು ಸಾಧಿಸಬೇಕೆಂದಿರುವುದೂ ಇದನ್ನೇ. ಎರಡನೆಯ ಆಕ್ಷೇಪ ಇನ್ನೂ ಸೂಕ್ಷ್ಮ: ಎಲ್ಲ ಸೂಜಿಗಳಿಗೂ ಒಂದೇ ಅಕ್ಷವಿದೆ ಎಂದಿರಲ್ಲ, ಆಳದಲ್ಲಿ ಕೆಲಸ ಮಾಡಿದ್ದು ಆ ವ್ಯವಸ್ಥೆಯೇ, ಅವ್ಯವಸ್ಥೆ ಅದರ ಮೇಲಿನ ಪೊರೆಯಷ್ಟೇ. ಅರ್ಧ ಒಪ್ಪುತ್ತೇನೆ. ಅಕ್ಷವಿಲ್ಲದೆ ಈ ಹಸಿರು ಗೆರೆ ಇಲ್ಲ. ಆದರೆ ಅಕ್ಷ ಮಾತ್ರ ಇದ್ದು ಸೂಜಿಗಳೆಲ್ಲ ಒಂದೇ ಕಡೆ ಮುಖ ಮಾಡಿದ್ದರೆ ಏನಾಗುತ್ತಿತ್ತೆಂಬುದನ್ನು ಗಾಣದೆತ್ತಿನ ದಾರಿಯಲ್ಲಿ ನೋಡಿದ್ದೇವೆ. ಅಕ್ಷ ಬೇಕು, ಅದರ ಮೇಲೆ ದಿಕ್ಕಿನ ಅನಿಯತಿಯೂ ಬೇಕು. ಎರಡರಲ್ಲಿ ಒಂದನ್ನು ಒಡೆಯ, ಇನ್ನೊಂದನ್ನು ಆಳು ಎಂದು ವಿಂಗಡಿಸುವುದಕ್ಕೆ ಹರಳು ಅವಕಾಶ ಕೊಡುವುದಿಲ್ಲ.

ಮೂರನೆಯ ಆಕ್ಷೇಪ ಇಡೀ ಲೇಖನದ ಮೇಲೆ: ಬೆರಳುಗುರಿನಷ್ಟು ಹರಳಿನಿಂದ ಜಗತ್ತಿನ ಬಗ್ಗೆ, ಅದರ ಕರ್ತನ ಬಗ್ಗೆ ಏನನ್ನು ತೀರ್ಮಾನಿಸಲು ಸಾಧ್ಯ? ಸಾಧ್ಯವಿಲ್ಲ, ನಾನು ತೀರ್ಮಾನಿಸುತ್ತಲೂ ಇಲ್ಲ. ಹರಳನ್ನು ನಾನು ದೃಷ್ಟಾಂತವಾಗಿ ತಂದಿಲ್ಲ, ವ್ಯಭಿಚಾರವಾಗಿ, ಅಂದರೆ ನಿಯಮವನ್ನು ಮುರಿಯುವ ಅಪವಾದವಾಗಿ ತಂದಿದ್ದೇನೆ. ತರ್ಕಶಾಸ್ತ್ರದ ಮೊದಲ ಪಾಠಗಳಲ್ಲೇ ಇದು ಬರುತ್ತದೆ: ಬೆಂಕಿ ಇದ್ದಲ್ಲೆಲ್ಲ ಹೊಗೆ ಇರುತ್ತದೆ ಎಂದು ಯಾರಾದರೂ ವ್ಯಾಪ್ತಿ ಹೇಳಿದರೆ, ಕೆಂಪಗೆ ಕಾದ ಕಬ್ಬಿಣದ ಗುಂಡೊಂದನ್ನು ತೋರಿಸಿದರೆ ಸಾಕು. ಅಲ್ಲಿ ಬೆಂಕಿ ಇದೆ, ಹೊಗೆ ಇಲ್ಲ, ವ್ಯಾಪ್ತಿ ಮುರಿಯಿತು. ಸಾವಿರ ಅಡುಗೆಮನೆಗಳಲ್ಲಿ ಹೊಗೆ ಇದ್ದರೂ ಆ ಒಂದು ಗುಂಡು ಸಾಕಾಗುತ್ತದೆ. ಅವ್ಯವಸ್ಥೆ ಇದ್ದಲ್ಲೆಲ್ಲ ನಿಷ್ಫಲ ಎಂಬ ವ್ಯಾಪ್ತಿಗೆ ಈ ಹರಳು ಕಾದ ಗುಂಡು. ಏಕರೂಪತೆ ಇದ್ದಲ್ಲೆಲ್ಲ ಫಲ ಎಂಬುದಕ್ಕೆ ಆ ನಿರ್ದೋಷ ಹರಳು ಇನ್ನೊಂದು ಗುಂಡು. ಇವು ಯಾರನ್ನು ತಟ್ಟುತ್ತವೆ, ಯಾರನ್ನು ಬಿಡುತ್ತವೆ ಎಂಬುದನ್ನೂ ಹೇಳಬೇಕು. ಹತ್ತನೆಯ ಶತಮಾನದ ಉದಯನಾಚಾರ್ಯರು ನ್ಯಾಯಕುಸುಮಾಂಜಲಿಯಲ್ಲಿ ಈಶ್ವರನನ್ನು ಸಾಧಿಸಲು ಹಿಡಿದ ಮೊದಲ ಹೇತು ಕಾರ್ಯತ್ವ: ಭೂಮಿ ಮೊದಲಾದವು ಹುಟ್ಟಿದ ವಸ್ತುಗಳು, ಹುಟ್ಟಿದ್ದಕ್ಕೆ ಕರ್ತನಿರಬೇಕು. ಅವರು ಅಲ್ಲಿ ಅಂದಚೆಂದದ ಮೇಲೆ ವಾದ ಕಟ್ಟಲಿಲ್ಲ, ಆದ್ದರಿಂದ ಹರಳು ಅವರ ವಾದವನ್ನು ಮುಟ್ಟುವುದಿಲ್ಲ. ಇಂಗ್ಲೆಂಡಿನ ವಿಲಿಯಂ ಪೇಲಿ 1802ರಲ್ಲಿ ಬರೆದ ಗ್ರಂಥದ ಮಾತು ಬೇರೆ. ಬಯಲಿನಲ್ಲಿ ಎಡವಿದ ಕಲ್ಲು ಯಾವ ಕರ್ತನನ್ನೂ ಸೂಚಿಸುವುದಿಲ್ಲ, ಬಿದ್ದಿರುವ ಗಡಿಯಾರ ಸೂಚಿಸುತ್ತದೆ ಎಂಬ ಭೇದದಿಂದ ಅವರು ಹೊರಡುತ್ತಾರೆ. ಒಳಗಿನ ಬಿಡಿಭಾಗಗಳು ಒಂದಕ್ಕೊಂದು ಹೊಂದಿ ಒಂದು ಕೆಲಸ ಮಾಡುವುದು ಗಡಿಯಾರದ ಲಕ್ಷಣ. ನಮ್ಮ ಹರಳು ಕಲ್ಲಿನ ಜಾತಿಯದು, ಅದರ ಭಾಗಗಳು ಒಂದಕ್ಕೊಂದು ಹೊಂದಿಯೂ ಇಲ್ಲ, ಆದರೂ ಗಡಿಯಾರ ಮಾಡಲಾಗದ ಅಳತೆಯನ್ನು ಮಾಡುತ್ತದೆ. ಕಲ್ಲು-ಗಡಿಯಾರದ ಗೆರೆ ಅಲ್ಲಿಗೆ ಮಸುಕಾಗುತ್ತದೆ. ಇದರಿಂದ ನಾಸ್ತಿಕರಿಗೆ ಗೆಲುವೇನೂ ಇಲ್ಲ. ಅವ್ಯವಸ್ಥೆಯನ್ನು ತೋರಿಸಿ ಕರ್ತನಿಲ್ಲ ಎನ್ನುವ ವಾದವೂ ಅದೇ ಗೆರೆಯ ಮೇಲೆಯೇ ನಿಂತಿತ್ತು.

ಇಲ್ಲಿ ಇನ್ನೊಂದು ಆಸೆ ಮೂಡುತ್ತದೆ, ಅದನ್ನು ನಾನು ತಡೆಯಬಯಸುತ್ತೇನೆ. ಸಾಂಖ್ಯರ ಪ್ರಕಾರ ಸತ್ವ, ರಜಸ್ಸು, ತಮಸ್ಸುಗಳು ಸಮವಾಗಿ ನಿಂತಿರುವಾಗ ಏನೂ ಹುಟ್ಟುವುದಿಲ್ಲ. ಆ ಸಾಮ್ಯ ಕದಡಿದಾಗಲೇ ಸೃಷ್ಟಿ. ನೋಡಿ, ಹರಳಿನ ಗುಟ್ಟು ನಮ್ಮವರಿಗೆ ಮೊದಲೇ ಗೊತ್ತಿತ್ತು ಎನ್ನುವುದು ಸುಲಭ. ಆದರೆ ಹಾಗೆನ್ನುವುದು ಸಾಂಖ್ಯಕ್ಕೂ ಅನ್ಯಾಯ, ಭೌತಶಾಸ್ತ್ರಕ್ಕೂ ಅನ್ಯಾಯ. ಸಾಂಖ್ಯರು ಲೇಸರಿನ ಬಗ್ಗೆ ಚಿಂತಿಸುತ್ತಿರಲಿಲ್ಲ, ದುಃಖದಿಂದ ಬಿಡುಗಡೆಯ ಬಗ್ಗೆ ಚಿಂತಿಸುತ್ತಿದ್ದರು. ಅವರಿಂದ ನಾವು ಪಡೆಯಬಹುದಾದದ್ದು ಭವಿಷ್ಯವಾಣಿಯಲ್ಲ, ಒಂದು ಧೈರ್ಯ: ಸಮತೆಯನ್ನು ಕಂಡೊಡನೆ ಕೈಮುಗಿಯದೆ, ಈ ಸಮತೆಯಿಂದ ಏನು ಹುಟ್ಟುತ್ತದೆ ಎಂದು ಕೇಳುವ ಧೈರ್ಯ.

ಕೊನೆಯ ಆಕ್ಷೇಪವೇ ನನ್ನನ್ನು ಹೆಚ್ಚು ಕಾಡುವುದು. ಅವ್ಯವಸ್ಥೆಗೂ ಫಲವಿದೆ ಎಂದು ಸಾಧಿಸಿದವರು ನಾಳೆ, ಲೋಕದ ಸಂಕಟಗಳಿಗೂ ಎಲ್ಲೋ ಒಂದು ಫಲ ಇದ್ದೀತು ಎನ್ನದೆ ಇರುತ್ತಾರೆಯೇ? ಬ್ರಹ್ಮಸೂತ್ರದ ಎರಡನೆಯ ಅಧ್ಯಾಯದ ಮೊದಲ ಪಾದ ಈ ಸಂಕಟದ ಪ್ರಶ್ನೆಯನ್ನು ಎತ್ತಿಕೊಳ್ಳುತ್ತದೆ. ಅಲ್ಲಿ ಈಶ್ವರನ ಮೇಲೆ ಬರುವ ಆರೋಪ ಒಂದಲ್ಲ, ಎರಡು. ಒಂದು ವೈಷಮ್ಯ, ಅಂದರೆ ಏರುಪೇರು. ಇನ್ನೊಂದು ನೈರ್ಘೃಣ್ಯ, ಅಂದರೆ ಕರುಣೆಯಿಲ್ಲದಿರುವುದು. ಶಂಕರರು ಮಳೆಯ ಹೋಲಿಕೆ ಕೊಟ್ಟು, ಮಳೆ ಎಲ್ಲಕ್ಕೂ ಸಮ, ಪೈರಿನ ಭೇದ ಬೀಜದ್ದು ಎನ್ನುತ್ತಾರೆ. ಉಡುಪಿಯ ಮಧ್ವರು ಜೀವರ ಅನಾದಿಯಾದ ಯೋಗ್ಯತೆಯ ತಾರತಮ್ಯದಲ್ಲಿ ಉತ್ತರ ಹುಡುಕುತ್ತಾರೆ. ಈಶ್ವರ ಜೀವರ ಕರ್ಮಕ್ಕೆ ತಕ್ಕಂತೆ ಸೃಷ್ಟಿಸುತ್ತಾನೆಂದು ಸೂತ್ರ ಹೇಳುವ ಸಾಪೇಕ್ಷತೆ ಕರ್ಮವನ್ನು ಕುರಿತದ್ದು, ನಾನು ಹೇಳಿದ ಸಾಪೇಕ್ಷತೆ ಅಳತೆಗೋಲನ್ನು ಕುರಿತದ್ದು, ಎರಡನ್ನೂ ಬೆರೆಸಬಾರದು. ಆದರೆ ಆರೋಪಗಳನ್ನು ಎರಡಾಗಿ ಬಿಡಿಸಿದ ಆ ವಿವೇಕ ಇಲ್ಲಿ ಬೇಕೇ ಬೇಕು. ಹರಳು ಏನಾದರೂ ಹೇಳುವುದಿದ್ದರೆ ಅದು ವೈಷಮ್ಯದ ಬಗ್ಗೆ ಮಾತ್ರ: ಏರುಪೇರು ಕಂಡ ಮಾತ್ರಕ್ಕೆ ಅದು ಕೊರತೆಯಾಗಬೇಕಿಲ್ಲ. ನೈರ್ಘೃಣ್ಯದ ಬಗ್ಗೆ ಅದು ಒಂದಕ್ಷರವನ್ನೂ ಹೇಳಲಾರದು, ಏಕೆಂದರೆ ಅದರ ಒಂದು ಸೂಜಿಯೂ ನೋಯುವುದಿಲ್ಲ. ತಲೆಕೆಳಗಾದ ಡೊಮೇನು ಏನನ್ನೂ ಕಳೆದುಕೊಂಡಿಲ್ಲ. ರಕ್ತದ ಕ್ಯಾನ್ಸರಿನಲ್ಲಿ ಜೀವಕೋಶಗಳು ಕ್ರಮ ಬಿಟ್ಟು ಬೆಳೆದು ಆಸ್ಪತ್ರೆಯ ಹಾಸಿಗೆಯ ಮೇಲೆ ಮಲಗಿರುವ ಮಗುವಿನ ಮುಂದೆ ಯಾರಾದರೂ ಈ ಹರಳಿನ ಹಸಿರು ಗೆರೆಯನ್ನು ಸಮಾಧಾನವಾಗಿ ತಂದರೆ ಅವರು ಹರಳನ್ನೂ ಅರಿಯರು, ಮಗುವನ್ನೂ ಕಾಣರು. ಅಲ್ಲಿಯೂ ನೈಯಾಯಿಕರ ಪ್ರಶ್ನೆಯನ್ನೇ ಕೇಳೋಣ: ಯಾವುದರ ಅಭಾವ? ಹರಳಿನ ಮುಂದೆ ಈ ಪ್ರಶ್ನೆಗೆ ತಡವರಿಸಬೇಕಾಯಿತು, ಅಳತೆಗೋಲುಗಳನ್ನು ತಿರುವಿಹಾಕಬೇಕಾಯಿತು. ಆ ಹಾಸಿಗೆಯ ಪಕ್ಕದಲ್ಲಿ ಕೂತ ತಾಯಿ ತಡವರಿಸುವುದಿಲ್ಲ. ಪ್ರತಿಯೋಗಿ ಯಾವುದೆಂದು ಆಕೆಗೆ ಗೊತ್ತಿದೆ, ಅದನ್ನು ಹೆಸರು ಹಿಡಿದು ಕರೆಯುತ್ತಿದ್ದಾಳೆ.